ಮೂಲೆ ಮಡಚಿದ ಕಾರ್ಡಿಗೆ ಎಷ್ಟು ಮಾರ್ಕ್ಸ್?

ರ‍್ಯಾಂಕ್, ಹೈಟ್, ವೇಟ್, ಚೆಸ್ಟ್, ಬೈಸೆಪ್ಸ್. ಈ ಐದು ಪದ ಕೇಳಿದ ಕೂಡಲೇ ಜಿಮ್ ಬದಲು ಶಾಲೆಯ ಹಿಂದಿನ ಬೆಂಚು ನೆನಪಾದರೆ ನೀವೂ ನಮ್ಮ ಬ್ಯಾಚೇ ಬಿಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರೆ ಅಂದ್ರೆ ಕುಸ್ತಿ ಇರಬೇಕು. ಅಜ್ಜಂದಿರಿಗೆ ಊರ ಪೈಲ್ವಾನರ ಹೆಸರು ಬಾಯಿಪಾಠ, ನಮಗೆ ಅಂಡರ್‌ಟೇಕರನ ತೂಕ ಬಾಯಿಪಾಠ. ಕುಸ್ತಿಯ ಟ್ರಂಪ್ ಕಾರ್ಡು, ಕ್ರಿಕೆಟ್ ಟ್ರಂಪ್ ಕಾರ್ಡು, ಐಪಿಎಲ್ ಬಂದಮೇಲೆ ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್. ನಮಗಿಂತ ದೊಡ್ಡವರಿಗೆ ಬಿಗ್ ಫನ್ ಬಬಲ್‌ಗಮ್ ಜೊತೆ ಬರ್ತಿದ್ದ ಕ್ರಿಕೆಟಿಗರ ಚಿತ್ರಗಳು.

ಇಂಜಿನಿಯರಿಂಗ್ ಸೇರಿದ ಮೇಲೆ ನಾನು ಕಾರ್ಡು ಮುಟ್ಟಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, ಹೋದ ವರ್ಷದಿಂದ ಮತ್ತೆ ಶುರು ಮಾಡಿದ್ದೀನಿ. ವಾಪಸ್ ಬಂದವನಿಗೆ ಕಂಡ ದೊಡ್ಡ ಬದಲಾವಣೆ ಒಂದೇ: ಆಗ "ಯಾರ ಹತ್ರ ಯಾವ ಕಾರ್ಡ್ ಐತಿ?" ಅಂತ ಕೇಳ್ತಿದ್ವಿ, ಈಗ ಎಲ್ಲರೂ ಕೇಳೋದು "ಗ್ರೇಡ್ ಎಷ್ಟು?"

ಗ್ರೇಡಿಂಗ್ ಅಂದ್ರೆ ಕಾರ್ಡಿನ ಪರೀಕ್ಷೆ. 1991ರಲ್ಲಿ ಅಮೆರಿಕದಲ್ಲಿ ಶುರುವಾದ ಪಿಎಸ್‌ಎ ಕಂಪನಿ ಇದರಲ್ಲಿ ದೊಡ್ಡ ಹೆಸರು. ನೀವು ಕಾರ್ಡು ಕಳಿಸ್ತೀರಿ, ಅವರು ಅಸಲಿಯೋ ನಕಲಿಯೋ ನೋಡಿ, 1ರಿಂದ 10ರ ಒಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸ್ತಾರೆ. ನೋಡೋದು ಮುಖ್ಯವಾಗಿ ನಾಲ್ಕು: ಮೂಲೆ, ಅಂಚು, ಮೇಲ್ಮೈ, ಮತ್ತು ಚಿತ್ರ ನಟ್ಟನಡುವೆ ಇದೆಯಾ ಅನ್ನೋದು. ಕೊನೆಯದನ್ನು ನೀವೇ ಫೋನಿನಲ್ಲಿ ಅಳೆಯಬಹುದು. ಕಾರ್ಡನ್ನು ನೇರ ಮೇಲಿನಿಂದ ಫೋಟೋ ತೆಗೀರಿ, ಎಡಬಲದ ಬಿಳಿ ಅಂಚಿನ ಅಗಲ ನೋಡಿ. ಎಡಕ್ಕೆ 30, ಬಲಕ್ಕೆ 20 ಪಿಕ್ಸೆಲ್ ಬಂದ್ರೆ ಅದು 60/40. ಸುಮಾರು 55/45 ದಾಟಿದ್ರೆ 10ರ ಆಸೆ ಬಿಡಿ.

ಈ ಅಂಕದ ಹಿಂದೆ ಎಷ್ಟು ದುಡ್ಡಿದೆ? 1952ರ ಟಾಪ್ಸ್ ಸೆಟ್ಟಿನ ಮಿಕ್ಕಿ ಮ್ಯಾಂಟಲ್ ಅನ್ನೋ ಬೇಸ್‌ಬಾಲ್ ಆಟಗಾರನ ಒಂದು ಕಾರ್ಡು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರ್‌ಗೆ ಹೋಯ್ತು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ! ಅದರ ಗ್ರೇಡ್ 9.5.

ಇನ್ನೊಂದು ಕಥೆಯೂ ಗೊತ್ತಿರಲಿ. ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ್ದು ಹೋನಸ್ ವ್ಯಾಗ್ನರ್‌ನ ಟಿ206 ಕಾರ್ಡು. ಸಿಗರೇಟ್ ಪ್ಯಾಕಿನಲ್ಲಿ ಬರ್ತಿದ್ದ, ನೂರು ವರ್ಷಕ್ಕೂ ಹಳೆಯ ಕಾರ್ಡು. 8 ಅಂಕ ಸಿಕ್ತು, 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಯ್ತು. ಆಮೇಲೆ 2013ರಲ್ಲಿ ಬಿಲ್ ಮ್ಯಾಸ್ಟ್ರೋ ಅನ್ನೋ ಹರಾಜುದಾರ ಕೋರ್ಟಿನ ಮುಂದೆ ಒಪ್ಕೊಂಡ: ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಅಂತ. ಅಂಚು ಕತ್ತರಿಸಿದ ಕಾರ್ಡಿಗೆ ನಿಯಮದ ಪ್ರಕಾರ ಅಂಕವೇ ಸಿಗಬಾರದು. ಅಂದ್ರೆ ಡಬ್ಬಿ ಮೇಲಿನ ಅಂಕವೂ ಒಂದು ಅಭಿಪ್ರಾಯ ಅಷ್ಟೇ.

ಈಗ ನಮ್ಮೂರಿಗೆ ಬರೋಣ. 2019ರ ಆಗಸ್ಟ್ ಇಲ್ಲಿ ಯಾರೂ ಮರೆತಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಹಿಡಿದು ಗೋಕಾಕ ದಾಟಿ ಮೂಡಲಗಿ ಹಳ್ಳಿಗಳ ತನಕ ಘಟಪ್ರಭೆ ಉಕ್ಕಿ ಹರಿದಿತ್ತು. ಗೋಕಾಕ ಪೇಟೆಯ ಮನೆಗಳೊಳಗೇ ನೀರು. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಶಾಲೆಯ ಫೋಟೋ, ಮಾರ್ಕ್ಸ್ ಕಾರ್ಡ್, ಆಲ್ಬಂ ಎಲ್ಲಾ ಹೋದವು. ಉಳಿದದ್ದು ಒಂದು ತಗಡಿನ ಡಬ್ಬಿ, ಅದರಲ್ಲಿ ನಲವತ್ತು ಚಿಲ್ಲರೆ ಕಾರ್ಡು. ಅರ್ಧದಷ್ಟು ಕಾರ್ಡಿಗೆ ಕೆಸರಿನ ಕಂದು ಗೆರೆ. ಕೆಲವಕ್ಕೆ ಹಿಂಬದಿ ಅವನ ಹೆಸರು, ಅವರಪ್ಪನ ಕೈಬರಹದಲ್ಲಿ. ಶಾಲೆಯಲ್ಲಿ "ನಂದು ನಿಂದು" ಜಗಳ ಬೇಡ ಅಂತ ಆಗ ಬರೆದು ಕೊಟ್ಟಿದ್ದರು. ಅಪ್ಪ ಈಗಿಲ್ಲ.

ಗ್ರೇಡಿಂಗ್ ಭಾಷೆಯಲ್ಲಿ ಎರಡೂ ದೋಷವೇ. ಕಲೆಗೆ ಎಸ್‌ಟಿ, ಪೆನ್ನಿನ ಬರಹಕ್ಕೆ ಎಂಕೆ ಅಂತ ಅಂಕದ ಪಕ್ಕ ಗುರುತು ಬೀಳ್ತದೆ. ಫೋನಿನಲ್ಲಿ ಸಿಕ್ಕ ಒಬ್ಬ ವ್ಯಾಪಾರಿ ಇವನಿಗೆ ಹೇಳಿದ್ದೇನು ಗೊತ್ತಾ? "ಹೆಸರು ಅಳಿಸಿ, ಅಂಚು ಸ್ವಲ್ಪ ಕಟ್ ಮಾಡಿ ಕಳಿಸ್ರಿ, ಎಲ್ಲಾ ಸೇರಿಸಿ ಒಳ್ಳೆ ರೇಟ್ ಕೊಡ್ತೀನಿ." ಗೆಳೆಯ ನನ್ನ ಕೇಳಿದ, "ಏನ್ ಮಾಡ್ಲಿ ಹೇಳಲೇ?"

ನಾನು ಹೇಳಿದ್ದು ಇಷ್ಟು. ದುಡ್ಡು ಬೇಕಿದ್ರೆ ನೀರು ತಾಗದ, ಹೆಸರಿಲ್ಲದ ಕಾರ್ಡು ಮಾರು, ತಪ್ಪೇನಿಲ್ಲ. ಉಳಿದವನ್ನು ಅಳಿಸಿ ಕತ್ತರಿಸಿದ್ರೆ ಮುಂದೆ ಕೊಳ್ಳೋನಿಗೆ ಮೋಸ. ನಿನಗಂತೂ ನಷ್ಟವೇ, ಯಾಕಂದ್ರೆ ಆ ಅಕ್ಷರ ಇನ್ನೊಮ್ಮೆ ಯಾರೂ ಬರೆದು ಕೊಡಲ್ಲ. ಅವನು ಮೂರು ದಿನ ಯೋಚನೆ ಮಾಡಿ ಹನ್ನೊಂದು ಕಾರ್ಡು ಮಾರಿದ.

ಹಾಗಂತ ಗ್ರೇಡಿಂಗ್ ಕೆಟ್ಟದ್ದು ಅಂತಲ್ಲ. ನಿಜವಾಗಲೂ ಅಪರೂಪದ, ಹೊಸದರಂತಿರೋ ಕಾರ್ಡಿದ್ರೆ ಕಳಿಸಿ. ಆದರೆ ಶುಲ್ಕ, ಹೋಗಿಬರೋ ಕೊರಿಯರ್, ಸುಂಕ ಎಲ್ಲ ಕೂಡಿದ್ರೆ ಒಂದು ಕಾರ್ಡಿಗೇ ಸಾವಿರಾರು ರೂಪಾಯಿ. ಸಾವಿರ ರೂಪಾಯಿಗೂ ಮಾರಾಟವಾಗದ ಟ್ರಂಪ್ ಕಾರ್ಡಿಗೆ ಅದು ಲೆಕ್ಕಕ್ಕೆ ಕೂರಲ್ಲ. ಗ್ರೇಡಿಂಗಿನಿಂದ ಕಲಿಯಬೇಕಾದ್ದು ಕಾರ್ಡನ್ನು ಸರಿಯಾಗಿ ನೋಡೋದು, ಜೋಪಾನ ಮಾಡೋದು.

ಮತ್ತೆ ಶುರು ಮಾಡೋರು ಈ ಭಾನುವಾರ ಇಷ್ಟು ಮಾಡಿ. ರಬ್ಬರ್ ಬ್ಯಾಂಡ್ ಮೊದಲು ಬಿಚ್ಚಿ, ಅಂಚು ಕೊರೆಯೋದು ಅದೇ. ಲ್ಯಾಮಿನೇಷನ್ ಬೇಡವೇ ಬೇಡ. ಒಂದೊಂದು ಕಾರ್ಡಿಗೂ ಮೆತ್ತನೆ ಸ್ಲೀವ್, ಇಷ್ಟದವಕ್ಕೆ ಗಟ್ಟಿ ಟಾಪ್‌ಲೋಡರ್. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಒಂದಕ್ಕೊಂದು ಅಂಟಿಕೊಂಡಿದ್ರೆ ಉಗುರಿನಿಂದ ಕೀಳಬೇಡಿ. ಎರಡೂ ಬದಿ ಫೋಟೋ ತೆಗೆದು ಕ್ಲೌಡಿನಲ್ಲಿಡಿ. ಡಬ್ಬಿಯನ್ನು ಮಂಚದ ಕೆಳಗಲ್ಲ, ಅಟ್ಟದ ಮೇಲಿಡಿ. ಹೊಳೆ ದಂಡೆಯ ಊರಿನವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಕಾರ್ಡಿನ ಹಿಂದೆ ಯಾರದಾದ್ರೂ ಕೈಬರಹ ಇದ್ರೆ ಅದರ ಫೋಟೋ ಮೊದಲು ತೆಗೀರಿ.