ಬಾಗಿಲಿಲ್ಲದ ಗೋಡೆಗೆ ಹೊಣೆ ಯಾರು?

ಪುಣೆಯ ಯಾವುದೋ ಕಚೇರಿ, ಶುಕ್ರವಾರ ಸಂಜೆ ಆರು ಗಂಟೆ. ನೂರು ಎಂಬಿಯ ಫೈಲೊಂದು ಏಳರೊಳಗೆ ಚೆನ್ನೈ ತಲುಪಬೇಕು. 25 ಎಂಬಿ ದಾಟಿದ್ದನ್ನು ಲಗತ್ತಿಸಲು ಜಿಮೇಲ್ ಬಿಡುವುದಿಲ್ಲ. ಡ್ರೈವ್ ತೆರೆಯಲು ಫೈರ್‌ವಾಲ್ ಬಿಡುವುದಿಲ್ಲ. ಪೆನ್‌ಡ್ರೈವ್ ಹಾಕಲು ಮೊದಲೇ ಅನುಮತಿಯಿಲ್ಲ. ಐಟಿ ವಿಭಾಗಕ್ಕೆ ಟಿಕೆಟ್ ಹಾಕಿದರೆ ಉತ್ತರ ಸೋಮವಾರ. ಕೆಲಸ ಮುಗಿಸಲೇಬೇಕಾದ ನೌಕರ ‘ಫ್ರೀ ಪ್ರಾಕ್ಸಿ’ ಎಂದು ಹುಡುಕುತ್ತಾನೆ. ಹತ್ತು ನಿಮಿಷದಲ್ಲಿ ಫೈಲು ಗೋಡೆಯಾಚೆ. ನಾಳೆ ಅದು ಸೋರಿಕೆಯಾದರೆ ನೋಟಿಸು ಬರುವುದು ಅವನೊಬ್ಬನಿಗೆ. ಗೋಡೆ ಕಟ್ಟಿ ಬಾಗಿಲಿಡಲು ಮರೆತವರನ್ನು ಯಾರೂ ಕೇಳುವುದಿಲ್ಲ.

ಕೇಳಬೇಕು.

ಪ್ರಾಕ್ಸಿ ಎಂದರೆ ನಡುವೆ ನಿಂತ ಇನ್ನೊಂದು ಸರ್ವರ್. ನೌಕರ ಪ್ರಾಕ್ಸಿಯ ಜೊತೆ ಮಾತಾಡುತ್ತಿದ್ದಾನೆ ಎಂಬುದಷ್ಟೇ ಫೈರ್‌ವಾಲಿಗೆ ಕಾಣುತ್ತದೆ. ಮುಚ್ಚಿದ ತಾಣಕ್ಕೆ ಹೋಗಿಬರುವುದು ಪ್ರಾಕ್ಸಿಯ ಕೆಲಸ. ತನ್ನ ಪುಟದೊಳಗೇ ಬೇರೆ ತಾಣ ತೆರೆದು ತೋರಿಸುವ ವೆಬ್ ಪ್ರಾಕ್ಸಿಗಳಲ್ಲಿ ಬ್ರೌಸರಿನ ಬೀಗದ ಗುರುತು ಪ್ರಾಕ್ಸಿಯವರೆಗಿನ ದಾರಿಗೆ ಮಾತ್ರ ಸಲ್ಲುತ್ತದೆ. ಅಲ್ಲಿ ಬೀಗ ಬಿಚ್ಚುತ್ತದೆ; ಪಾಸ್‌ವರ್ಡು, ಫೈಲು ಎರಡೂ ಅದನ್ನು ನಡೆಸುವವರಿಗೆ ಬಯಲು. ಸರ್ವರಿಗೆ ಬಾಡಿಗೆ ಕಟ್ಟಬೇಕು, ಅದನ್ನು ಯಾರೂ ಧರ್ಮಕ್ಕೆ ನಡೆಸುವುದಿಲ್ಲ. ಪ್ರಾಕ್ಸಿ ಬಳಸಿದ್ದನ್ನೇ ಪರಾಕ್ರಮವೆಂದು ಮೀಸೆ ತಿರುವುವವರು ಇದನ್ನು ನೆನಪಿಡಬೇಕು: ಬೇಲಿ ದಾಟಿಸಿದವನೇ ಹೊಲವನ್ನೂ ಮೇಯಬಲ್ಲ.

ಗೋಡೆಯವರ ವಾದವೂ ಪೊಳ್ಳಲ್ಲ. ವೈರಸ್ಸು ನಿಜ, ಗ್ರಾಹಕರ ಮಾಹಿತಿ ಕದ್ದು ಹೋಗುವುದೂ ನಿಜ. ಆದರೆ ಅವರು ಚಾಪೆ ಕೆಳಗೆ ತೂರಿದರೆ ನೌಕರರು ರಂಗೋಲಿ ಕೆಳಗೆ ತೂರುತ್ತಾರೆ. ಗೋಡೆಯಿಂದ ಕೆಲಸ ನಿಲ್ಲುವುದಿಲ್ಲ, ಕತ್ತಲಿಗೆ ಸರಿಯುತ್ತದೆ. ತೆರೆದ ದಾರಿಯಿದ್ದರೆ ಯಾರು ಯಾರಿಗೆ ಏನು ಕಳಿಸಿದರೆಂಬ ದಾಖಲೆಯಾದರೂ ಕಚೇರಿಯಲ್ಲಿ ಉಳಿಯುತ್ತಿತ್ತು.

ದೇಶದ ಮಟ್ಟದಲ್ಲೂ ಇದೇ ಕತೆ. 2020ರ ಮೇ ತಿಂಗಳು, ಲಾಕ್‌ಡೌನ್, ಮನೆಯಿಂದಲೇ ಕೆಲಸ. ಎರಡು ಜಿಬಿಯವರೆಗೆ ಪುಕ್ಕಟೆ ಕಳಿಸಲು ಬಿಡುತ್ತಿದ್ದ ವೀಟ್ರಾನ್ಸ್‌ಫರ್ ತಾಣವನ್ನು ಮುಚ್ಚಿಸುವಂತೆ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಆದೇಶಿಸಿತು. ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ, ಸಾರ್ವಜನಿಕ ಹಿತ. ಯಾವ ಫೈಲಿನಿಂದ ಏನು ಅಪಾಯ ಎಂಬ ವಿವರವಿಲ್ಲ. 2017ರ ಆಗಸ್ಟಿನಲ್ಲಿ ಎರಡು ಹಿಂದಿ ಚಿತ್ರಗಳ ಕಳ್ಳಪ್ರತಿ ತಡೆಯಲೆಂದು ಮದ್ರಾಸ್ ಹೈಕೋರ್ಟಿನ ಆದೇಶಗಳಡಿ ಮುಚ್ಚಿದ 2,600ಕ್ಕೂ ಹೆಚ್ಚು ತಾಣಗಳಲ್ಲಿ ಇಂಟರ್ನೆಟ್ ಆರ್ಕೈವ್ ಕೂಡ ಸೇರಿಹೋಯಿತು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿಗೆ ದೆಹಲಿ, ಮುಂಬಯಿಯ ಕನ್ನಡಿಗರು ಮೊರೆಹೋಗುವ ಜಾಗ ಅದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಲೆಕ್ಕ. ಐಟಿ ಕಾಯ್ದೆಯ 69ಎ ಕಲಮಿನಡಿ ತಾಣ ಮುಚ್ಚಿದರಂತೂ, 2009ರ ನಿಯಮಗಳ 16ನೇ ನಿಯಮ ದೂರನ್ನೂ ಕ್ರಮವನ್ನೂ ಗುಟ್ಟಾಗಿಡಲು ಹೇಳುತ್ತದೆ. ಕಾರಣ ತಿಳಿಯದವರು ಮೇಲ್ಮನವಿ ಬರೆಯುವುದಾದರೂ ಹೇಗೆ?

2022ರ ಏಪ್ರಿಲಿನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದಿತು. ಎಕ್ಸ್‌ಪ್ರೆಸ್ ವಿಪಿಎನ್‌ನಂಥ ಕಂಪನಿಗಳು ಭಾರತದ ಸರ್ವರುಗಳನ್ನೇ ತೆರವು ಮಾಡಿದವು. ಹೆಸರು, ವಿಳಾಸ ಇದ್ದವರು ಹೀಗೆ ಹೊರನಡೆದರು. ವಿಳಾಸವೇ ಇಲ್ಲದ ಪುಕ್ಕಟೆ ಪ್ರಾಕ್ಸಿಗೆ ಯಾವ ನಿರ್ದೇಶನ ತಲುಪೀತು?

ಮದ್ದು ದೊಡ್ಡದೇನಲ್ಲ. ಒಂದು ದಾರಿ ಮುಚ್ಚುವ ಕಚೇರಿ ಅದೇ ದಿನ ಇನ್ನೊಂದನ್ನು ತೆರೆಯಲಿ: ದೊಡ್ಡ ಫೈಲು ಕಳಿಸಲು ತನ್ನದೇ ಸರ್ವರಿನಲ್ಲಿ ಒಂದು ಜಾಗ, ಶುಕ್ರವಾರ ಸಂಜೆಯೂ ಫೋನ್ ಎತ್ತುವ ಒಬ್ಬ ಮನುಷ್ಯ. ಸರ್ಕಾರ ಅಪಾಯದ ಕೊಂಡಿಯನ್ನಷ್ಟೇ ಮುಚ್ಚಲಿ, ಕಾರಣ ಪ್ರಕಟಿಸಲಿ. ಅಲ್ಲಿಯವರೆಗೆ ಕಳಿಸುವವರು ಫೈಲನ್ನು ಸೆವೆನ್‌ಜಿಪ್‌ನಂಥ ತಂತ್ರಾಂಶದಲ್ಲಿ ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳುವುದು ಲೇಸು. ಇದು ನಿಯಮ ಮುರಿಯಲು ಪರವಾನಗಿಯಲ್ಲ. ಆ ಫೈಲಿನೊಳಗೆ ಹೆಸರಿರುವ ಮೂರನೆಯವರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ.

ಮುಂದಿನ ಸೋರಿಕೆಗೆ ನೋಟಿಸು ಬರೆಯುವಾಗ ಕಳಿಸಿದವನ ಹೆಸರಿನ ಪಕ್ಕದಲ್ಲೇ ದಾರಿ ಕೊಡದವರ ಹೆಸರೂ ಇರಲಿ.