ಹರಳಿನ ಭಯಕ್ಕೆ ಮಾತ್ರೆಯೇ ಮದ್ದೇ?

ಮಗ್ಗುಲು ಬದಲಿಸಿದರೆ ಕೋಣೆಯೇ ಗಿರ್ರೆನ್ನುವ ತಲೆಸುತ್ತಿಗೆ, ಒಳಕಿವಿಯ ನಾಳ ಸೇರಿದ ಹರಳನ್ನು ಹೊರಹಾಕಲು ತಲೆ ಹೊರಳಿಸಿ ಕೊಡುವ ಎಪ್ಲಿ ಚಿಕಿತ್ಸೆಯಲ್ಲಿ ಹರಳು ಇನ್ನೊಂದು ನಾಳಕ್ಕೆ ಸೇರಿ ತೊಂದರೆ ಹೆಚ್ಚಬಹುದು, ಆದ್ದರಿಂದ ಮಾತ್ರೆಯೇ ಕ್ಷೇಮ ಎಂಬುದು ಇತ್ತೀಚಿನ ಲೇಖನವೊಂದರ ವಾದ.

ಮೊದಲರ್ಧ ನಿಜ. ಹಿಂಬದಿಯ ನಾಳದಿಂದ ಹೊರಟ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಒಮ್ಮೊಮ್ಮೆ ಅಡ್ಡನಾಳಕ್ಕೆ ನುಗ್ಗುತ್ತವೆ. ಸುತ್ತು ಜೋರಾಗುತ್ತದೆ, ವಾಂತಿಯೂ ಆಗಬಹುದು. ಆದರೆ ಕಣ್ಣಾಲಿಗಳ ಅದುರಾಟದ ದಿಕ್ಕು ನೋಡಿದರೆ ಹರಳು ಎಲ್ಲಿದೆಯೆಂದು ಬಲ್ಲ ವೈದ್ಯರಿಗೆ ಗೊತ್ತಾಗುತ್ತದೆ. ರೋಗಿಯನ್ನು ಮಲಗಿಸಿ ಹಂತಹಂತವಾಗಿ ಪೂರ್ತಿ ಒಂದು ಸುತ್ತು ಹೊರಳಿಸಿದರೆ ಸಾಮಾನ್ಯವಾಗಿ ಅದು ಹೊರಬೀಳುತ್ತದೆ. ಹರಳುಗಳು ನಾಳದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು, ಕೂತರೂ ಮಲಗಿದರೂ ಸುತ್ತು ನಿಲ್ಲದಿರುವುದು ಇನ್ನೂ ವಿರಳ.

ಮಾತ್ರೆಯ ವಾದವಂತೂ ನಿಲ್ಲುವುದೇ ಇಲ್ಲ. ಮಾತ್ರೆ ಹೊಟ್ಟೆ ತೊಳಸುವುದನ್ನು ತಗ್ಗಿಸೀತು, ಹರಳನ್ನು ಕದಲಿಸದು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ 2017ರ ಮಾರ್ಗಸೂಚಿ ತಲೆ ಹೊರಳಿಸುವ ಚಿಕಿತ್ಸೆಯನ್ನೇ ಶಿಫಾರಸು ಮಾಡಿ, ತಲೆಸುತ್ತಿನ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬೇಡಿ ಎನ್ನುತ್ತದೆ. ಮಂಪರು ತರಿಸುವ ಮಾತ್ರೆ ನುಂಗಿದ ವೃದ್ಧರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಲೇಖಕರ ಲೆಕ್ಕಕ್ಕೇ ಬಂದಿಲ್ಲ!

ಎಚ್ಚರಿಸಬೇಕಿದ್ದದ್ದು ಬೇರೆಯವರನ್ನು: ಕತ್ತಿನ ಮೂಳೆ ತೀರಾ ಸವೆದವರು, ಕತ್ತಿನ ರಕ್ತನಾಳ ಕಿರಿದಾದವರು ವಿಡಿಯೊ ನೋಡಿ ಮನೆಯಲ್ಲೇ ತಲೆ ಹೊರಳಿಸಿಕೊಳ್ಳಬಾರದು. ಆ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.