ಏಳು ಜಿಲ್ಲೆಗೆ ಒಂದೇ ಪಾಠ

ಕರ್ನಾಟಕದಲ್ಲಿ ಪಠ್ಯಪುಸ್ತಕವನ್ನು ಮಕ್ಕಳು ಓದುತ್ತಾರೋ ಇಲ್ಲವೋ, ದೊಡ್ಡವರು ಒಬ್ಬರ ಮೇಲೊಬ್ಬರು ಎಸೆದಾಡುವುದಂತೂ ನಿಂತಿಲ್ಲ. 2022ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ ಹೊರಬಿತ್ತು. ಹತ್ತನೆಯ ತರಗತಿಯ ಕನ್ನಡ ಪುಸ್ತಕಕ್ಕೆ ಹೆಡಗೇವಾರ್ ಬಂದರು, ಬಸವಣ್ಣನ ಪಾಠ ತಿದ್ದುಪಡಿಯಾಯಿತು, ಮಠಾಧೀಶರು ಮುಖ್ಯಮಂತ್ರಿಗೆ ಪತ್ರ ಬರೆದರು, ಸಾಹಿತಿಗಳು ತಮ್ಮ ಪಾಠಗಳಿಗೆ ಕೊಟ್ಟಿದ್ದ ಒಪ್ಪಿಗೆ ಹಿಂದಕ್ಕೆ ಪಡೆದರು. ಜೂನ್ ಮೊದಲ ವಾರದಲ್ಲಿ ಬೊಮ್ಮಾಯಿ ಸರ್ಕಾರ ಸಮಿತಿಯನ್ನು ವಿಸರ್ಜಿಸಿ ಕೈತೊಳೆದುಕೊಂಡಿತು. ವರ್ಷ ತಿರುಗಿತು, ಸರ್ಕಾರವೂ ತಿರುಗಿತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಸೇರಿಸಿದ್ದನ್ನು ತೆಗೆಯಿತು, ತೆಗೆದಿದ್ದನ್ನು ಸೇರಿಸಿತು, ಪೂರಕ ಪುಸ್ತಿಕೆ ಹಂಚಿತು. ಒಂದು ಪಕ್ಷದವರು ಇತಿಹಾಸ ಉಳಿಯಿತು ಎಂದರು, ಇನ್ನೊಂದು ಪಕ್ಷದವರು ಅಳಿಯಿತು ಎಂದರು.

ಯಾರ ಇತಿಹಾಸ?

ಗದಗ ತಾಲ್ಲೂಕಿನ ಕೋಟುಮಚಗಿಯಿಂದ ನೋಡಿದರೆ ಈ ಮಹಾಯುದ್ಧದಲ್ಲಿ ಗೆದ್ದವರೂ ಕಾಣುವುದಿಲ್ಲ, ಸೋತವರೂ ಕಾಣುವುದಿಲ್ಲ. ಕಾಣುವುದು ಆರನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕ. ಅದರಲ್ಲಿ ಕರ್ನಾಟಕವನ್ನು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು ವಿಭಾಗ ಮಾಡಿ ಪರಿಚಯಿಸಿದ್ದಾರೆ. ಕಂದಾಯ ಇಲಾಖೆ ತನ್ನ ಕಡತಗಳ ಅನುಕೂಲಕ್ಕೆ ಎಳೆದುಕೊಂಡ ಗೆರೆಗಳೇ ಇಲ್ಲಿ ಪಾಠದ ಗೆರೆಗಳೂ ಆಗಿವೆ. ಬೆಳಗಾವಿ ವಿಭಾಗ ಎಂದರೆ ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ, ಉತ್ತರ ಕನ್ನಡ. ಏಳು ಜಿಲ್ಲೆ, ಒಂದು ಪಾಠ. ಕಾರವಾರದ ಮೀನುಗಾರನೂ ವಿಜಯಪುರದ ಗೋಳಗುಮ್ಮಟವೂ ಗದಗದ ವೀರನಾರಾಯಣನೂ ಒಂದೇ ಬಸ್ಸಿನಲ್ಲಿ ನಿಂತುಕೊಂಡು ಪ್ರಯಾಣ ಮಾಡಬೇಕು. ಸೀಟು ಸಿಕ್ಕವರು ಪುಣ್ಯವಂತರು. ಹಳ್ಳಿಗಳಿಗೆ ಆ ಬಸ್ಸಿನ ಟಾಪಿನ ಮೇಲೂ ಜಾಗವಿಲ್ಲ.

ಆ ಬಸ್ಸು ಬಿಟ್ಟುಹೋದ ಊರು ಎಂಥದ್ದು ಎಂದು ಒಮ್ಮೆ ನೋಡಬೇಕು. ಕೋಟುಮಚಗಿಯ ಒಂದು ಶಾಸನ ಕ್ರಿ.ಶ. 1012ರದು. ಕಲ್ಯಾಣದ ಚಾಲುಕ್ಯ ದೊರೆ ಐದನೆಯ ವಿಕ್ರಮಾದಿತ್ಯನ ಕಾಲದ್ದು. ಆಗ ಈ ಊರು ಉಮ್ಮಚಿಗೆ ಎಂಬ ಅಗ್ರಹಾರ. ಆ ಕಲ್ಲಿನಲ್ಲಿ ಯುದ್ಧದ ವರ್ಣನೆಗಿಂತ ಮುಖ್ಯವಾದದ್ದು ಇದೆ, ಪಾಠ ಹೇಳುವವರ ಹೊಟ್ಟೆಪಾಡಿನ ವ್ಯವಸ್ಥೆ ಇದೆ. ನ್ಯಾಸ ಎಂಬ ವ್ಯಾಕರಣ, ಪ್ರಾಭಾಕರ ಎಂಬ ಮೀಮಾಂಸೆ ಕಲಿಸುವವರಿಗೆ ಮತ್ತರುಗಳ ಲೆಕ್ಕದಲ್ಲಿ ಭೂಮಿ ತೆಗೆದಿಟ್ಟ ದಾಖಲೆ ಅದು. ಅದರಲ್ಲೊಬ್ಬ ‘ಅಕ್ಕರಿಗ’ ಬರುತ್ತಾನೆ. ಅಕ್ಕರ ಎಂದರೆ ಅಕ್ಷರ, ಅಕ್ಕರಿಗ ಎಂದರೆ ಅಕ್ಷರ ಕಲಿಸುವವ. ಗದಗ ಸೀಮೆಯ ಮಕ್ಕಳು ಶಿಕ್ಷಕಿಯನ್ನು ಇಂದಿಗೂ ‘ಅಕ್ಕೋರು’ ಎನ್ನುತ್ತಾರೆ. ಎರಡು ಮಾತಿಗೂ ಬೇರು ಬೇರೆ, ಪಂಡಿತರು ಕೋಪಿಸಿಕೊಳ್ಳುವುದು ಬೇಡ. ಆದರೆ ಕೆಲಸ ಒಂದೇ, ಊರೂ ಒಂದೇ.

ಸಾವಿರ ವರ್ಷದ ಹಿಂದೆ ಊರಿನ ಮಾಸ್ತರನಿಗೆ ಹೊಲ ಬಿಟ್ಟುಕೊಟ್ಟ ಊರಿದು. 2012ರಲ್ಲಿ ಆ ದಾನಕ್ಕೆ ಸಾವಿರ ತುಂಬಿತು. ಇಂಥ ಕಲ್ಲು ಲಂಡನ್ನಿನ ಹತ್ತಿರದ ಹಳ್ಳಿಯೊಂದರಲ್ಲಿ ಸಿಕ್ಕಿದ್ದರೆ ಅದರ ಚಿತ್ರ ನಮ್ಮ ಪುಸ್ತಕದಲ್ಲೂ ಬರುತ್ತಿತ್ತೇನೋ! ಈಗ ಅದು ಎಲ್ಲಿದೆ? ಎಪಿಗ್ರಾಫಿಯಾ ಇಂಡಿಕಾದ 20ನೆಯ ಸಂಪುಟದಲ್ಲಿ, ಇಂಗ್ಲಿಷ್ ಟಿಪ್ಪಣಿಗಳ ಜೊತೆ, ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿದೆ. ಸಂಶೋಧಕರಿಗೆ ಸಿಗುತ್ತದೆ. ಯಾವ ಊರಿನ ಮಕ್ಕಳ ಓದಿಗಾಗಿ ಹೊಲ ಬಿಟ್ಟರೋ ಆ ಊರಿನ ಮಕ್ಕಳ ಚೀಲದೊಳಗೆ ಮಾತ್ರ ಇಲ್ಲ.

ಇದನ್ನು ಎತ್ತಿದೊಡನೆ ಶಿಕ್ಷಣತಜ್ಞರೆಂಬವರ ಬಾಯಿಯಿಂದ ಸಿದ್ಧ ಉತ್ತರ ಬರುತ್ತದೆ: ಮಕ್ಕಳಿಗೆ ಹೊರೆಯಾಗುತ್ತದೆ. ಊರ ಕಡೆಯ ಉತ್ತರ ಇನ್ನೂ ಚುಟುಕು: ‘ಇದೆಲ್ಲಾ ಪರೀಕ್ಷಾದಾಗ ಬರಂಗಿಲ್ಲ ಬಿಡ್ರಿ.’ ಹೊರೆಯಂತೆ! ಮೆಸೊಪೊಟೇಮಿಯ ಹೊರೆಯಲ್ಲ, ನೆಪೋಲಿಯನ್ ಹೊರೆಯಲ್ಲ, ಪ್ರತಿ ಐದು ವರ್ಷಕ್ಕೊಮ್ಮೆ ಬದಲಾಗುವ ಪಾಠಗಳನ್ನು ಹೊಸದಾಗಿ ಕಲಿಯುವುದು ಹೊರೆಯಲ್ಲ. ದಿನಾ ಶಾಲೆಗೆ ಹೋಗುವ ದಾರಿಯಲ್ಲಿರುವ ಗುಡಿಯನ್ನು ಯಾರು ಕಟ್ಟಿಸಿದರು ಎಂದು ತಿಳಿಯುವುದು ಹೊರೆ. 2020ರ ಕೋವಿಡ್ ವರ್ಷದಲ್ಲಿ ಹೊರೆ ಇಳಿಸುವ ನೆಪದಲ್ಲಿ ಏಳನೆಯ ತರಗತಿಯ ಟಿಪ್ಪು ಪಾಠಕ್ಕೆ ಕತ್ತರಿ ಬಿದ್ದು, ಗದ್ದಲವಾಗಿ, ಆದೇಶಕ್ಕೆ ತಡೆಯೂ ಬಿತ್ತು. ಅಂದರೆ ಹೊರೆಯ ತಕ್ಕಡಿಯಲ್ಲಿ ತೂಗುವುದು ಪಾಠದ ಪುಟಗಳನ್ನಲ್ಲ ಎಂದಾಯಿತು.

ಇನ್ನೊಂದು ಗುಂಪು ಮೆತ್ತಗೆ ಮಾತಾಡುತ್ತದೆ: ಪುಸ್ತಕದಲ್ಲಿ ಯಾಕೆ ಬೇಕು, ಶಿಕ್ಷಕರು ಸ್ಥಳೀಯ ಉದಾಹರಣೆ ಕೊಟ್ಟು ಕಲಿಸಬಹುದಲ್ಲ? ಕೊಡಬಹುದು. ಆ ಶಿಕ್ಷಕರಿಗೆ ಬಿಡುವು ಯಾವಾಗ? ಮೊಟ್ಟೆ ಬೇಯಿಸಿದ ಲೆಕ್ಕ, ಹಾಲಿನಪುಡಿಯ ಲೆಕ್ಕ, ಆ್ಯಪಿನಲ್ಲಿ ಹಾಜರಿ, ಮತದಾರರ ಪಟ್ಟಿ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಅದು ಮುಗಿಯದೆ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಮಾಸ್ತರರು, ಅಕ್ಕೋರು ಬಿಸಿಲಲ್ಲಿ ಮನೆಮನೆ ಹತ್ತಿಳಿದು ಜಾತಿ, ಉಪಜಾತಿ, ಆಸ್ತಿ, ಕಸುಬು ಎಂದು 60 ಪ್ರಶ್ನೆ ಕೇಳಿದರು. ಇಡೀ ರಾಜ್ಯದ ಪ್ರತಿ ಮನೆಯ ಹೊಸ್ತಿಲಲ್ಲಿ ಒಬ್ಬ ಶಿಕ್ಷಕ ನಿಂತ ಅಪರೂಪದ ತಿಂಗಳು ಅದು. ಈ ಊರಿನ ಬಾವಿ ಯಾರು ತೋಡಿಸಿದರು, ಈ ಓಣಿಗೆ ಈ ಹೆಸರು ಹೇಗೆ ಬಂತು ಎಂಬ 61ನೆಯ ಪ್ರಶ್ನೆ ಯಾವ ಅಧಿಕಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಇಷ್ಟು ಹೊತ್ತಿಗೆ ಕರ್ನಾಟಕದ ಹಳ್ಳಿಗಳ ಚರಿತ್ರೆ ಅರ್ಧ ಬರೆದಾಗಿರುತ್ತಿತ್ತು.

ಗದಗ ಜಿಲ್ಲೆಯಲ್ಲಿ ಹೇಳಲು ಏನಿದೆ ಎನ್ನುವವರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಚಿಕ್ಕ ಜಿಲ್ಲೆ, ಅಷ್ಟೇ ಅವರಿಗೆ ಗೊತ್ತಿರುವುದು. ಕೋಟುಮಚಗಿಯ ಎರಿ ಹೊಲದ ಬದುವಿನ ಮೇಲೆ ನಿಂತು ಸುಮ್ಮನೆ ಸುತ್ತ ಕೈ ತೋರಿಸುತ್ತ ಹೋದರೂ ಒಂದು ವರ್ಷದ ಪಾಠವಾಗುತ್ತದೆ. ಪಕ್ಕದ ನಾರಾಯಣಪುರ ‘ಪ್ರಭುಲಿಂಗಲೀಲೆ’ಯ ಚಾಮರಸನ ಊರು ಎನ್ನುತ್ತಾರೆ ಇಲ್ಲಿಯವರು. ಗದುಗಿನ ಕುಮಾರವ್ಯಾಸನಿಗೂ ಅವನಿಗೂ ಭಾವ ಮೈದುನರ ನಂಟು ಕಟ್ಟಿ ಜನ ಕಥೆ ಹೇಳುತ್ತಾರೆ. ಆ ಕಥೆ ನಿಜವೋ ಸುಳ್ಳೋ ಎಂದು ಮಕ್ಕಳಿಂದಲೇ ವಾದ ಮಾಡಿಸಿದರೆ ಇತಿಹಾಸಕ್ಕೂ ಐತಿಹ್ಯಕ್ಕೂ ಇರುವ ಅಂತರ ಒಂದೇ ಪೀರಿಯಡ್‌ನಲ್ಲಿ ತಿಳಿದೀತು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇನ್ನೂ ನಿಂತಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಹೆಂಗಸು ಆಕೆ, ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ. ಆಕೆಯ ಬಸದಿ ಮತ್ತು ಉಮ್ಮಚಿಗೆಯ ಅಕ್ಕರಿಗನ ಹೊಲ, ಎರಡರ ನಡುವೆ ಇರುವುದು ಐದೇ ವರ್ಷ.

ಇನ್ನು ಲಕ್ಷ್ಮೇಶ್ವರ. ಅದು ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಕವಿರಾಜಮಾರ್ಗ ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದು. ಈಗ ಅಲ್ಲಿಯ ಹುಡುಗ ಆಡುವ ಮಾತನ್ನು ಸಿನಿಮಾದಲ್ಲಿ ನಗಿಸಲು ಬಳಸುತ್ತಾರೆ, ತರಗತಿಯಲ್ಲಿ ತಿದ್ದುತ್ತಾರೆ. ತಿರುಳ್ಗನ್ನಡದ ಊರಿನವನು ‘ಶುದ್ಧ ಕನ್ನಡ’ ಕಲಿಯಬೇಕಂತೆ, ಅದೂ ಯಾರಿಂದ ಎಂದು ಕೇಳುವ ಹಾಗಿಲ್ಲ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಮಂಗೋಲಿಯಾ, ಟಿಬೆಟ್, ಹಿಮಾಲಯ, ದಖ್ಖನ್ ಪ್ರಸ್ಥಭೂಮಿ ಎಲ್ಲವನ್ನೂ ಒಂದು ಹಕ್ಕಿಯ ಬೆನ್ನೇರಿ ಕಲಿಸಬಹುದಾದ ಭೂಗೋಳ ಅದು. 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡದಲ್ಲಿ ಗಿಡಮೂಲಿಕೆ, ಅದಿರು, ಮಠ, ಗಣಿ ಕಂಪನಿ, ಜನಹೋರಾಟ ಎಲ್ಲ ಒಟ್ಟಿಗೆ ಸಿಗುತ್ತವೆ. ಮುಂಡರಗಿಯ ಭೀಮರಾಯ 1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತ ಕೊಪ್ಪಳದ ಕೋಟೆಯಲ್ಲಿ ಸತ್ತ. 1905ರಲ್ಲಿ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ತೆರೆದರು, ಇಂದು ಪ್ರತಿ ರೈತನೂ ‘ಸೊಸಾಯಿಟಿ’ ಎನ್ನುವುದರ ತಾಯಿಬೇರು ಅದು. ತಂದೆ ಬೆಳೆಸಾಲಕ್ಕೆ ಸೊಸಾಯಿಟಿ ಮುಂದೆ ಸಾಲಿನಲ್ಲಿ ನಿಂತಿರುತ್ತಾನೆ, ಮಗ ಸಹಕಾರ ಚಳವಳಿ ಎಂಬ ಪ್ರಶ್ನೆಗೆ ಗೈಡು ನೋಡಿ ಉತ್ತರ ಬಾಯಿಪಾಠ ಮಾಡುತ್ತಿರುತ್ತಾನೆ.

ಇಷ್ಟನ್ನೆಲ್ಲ ಏಳು ಜಿಲ್ಲೆಯ ಒಂದು ಪಾಠದಲ್ಲಿ ತುಂಬಲು ಆಗುವುದಿಲ್ಲ ಎಂದು ಪಠ್ಯಪುಸ್ತಕ ಸಂಘದವರು ಹೇಳಬಹುದು. ಸರಿಯಾದ ಮಾತು. ಹಾಗಾದರೆ ಏಳು ಜಿಲ್ಲೆಗೆ ಒಂದು ಪಾಠ ಮಾಡಿದವರು ಯಾರು?

ಮಹಾರಾಷ್ಟ್ರವನ್ನು ಹೊಗಳಿದರೆ ಗಡಿಭಾಗದಲ್ಲಿ ಕಲ್ಲು ಬೀಳುತ್ತವೆ. ಆದರೂ ಹೇಳಲೇಬೇಕು. ಅಲ್ಲಿಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಮೂರನೆಯ ತರಗತಿಗೆ ಜಿಲ್ಲೆಜಿಲ್ಲೆಗೂ ಬೇರೆ ಬೇರೆ ಪರಿಸರ ಅಭ್ಯಾಸದ ಪುಸ್ತಕ ಮಾಡಿದೆ. ಠಾಣೆಯ ಮಗುವಿಗೆ ಠಾಣೆ, ಪುಣೆಯ ಮಗುವಿಗೆ ಪುಣೆ. ನಾಲ್ಕನೆಯ ತರಗತಿಗೆ ಬಂದರೆ ಇತಿಹಾಸದ ಪುಸ್ತಕ ಶಿವಾಜಿಯದು. ಮೊದಲು ಜಿಲ್ಲೆ, ಆಮೇಲೆ ನಾಡಿನ ವೀರ. ಬೆಳಗಾವಿ ತನ್ನದು ಎಂದು ಕೋರ್ಟಿನಲ್ಲಿ ಕೂತಿರುವ ರಾಜ್ಯ ತನ್ನ ಮಕ್ಕಳಿಗೆ ನೆಲದ ಪಾಠವನ್ನು ಎಂಟನೆಯ ವಯಸ್ಸಿಗೇ ಶುರುಮಾಡುತ್ತದೆ. ಬೆಳಗಾವಿ ನಮ್ಮದು ಎಂದು ಪ್ರತಿ ನವೆಂಬರ್‌ನಲ್ಲಿ ಕೂಗುವವರು ಆ ಬೆಳಗಾವಿಯನ್ನು ಏಳರಲ್ಲಿ ಒಂದು ಮಾಡಿ ಪಾಠ ಮುಗಿಸುತ್ತಾರೆ.

ಈ ಭಾಗಕ್ಕೆ ಹೆಸರಿನ ಕೊರತೆ ಮಾತ್ರ ಎಂದೂ ಆಗಿಲ್ಲ. ಮುಂಬಯಿ ಕರ್ನಾಟಕ ಎನ್ನುತ್ತಿದ್ದರು, 2021ರ ನವೆಂಬರ್‌ನಲ್ಲಿ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟರು. ಫಲಕ ಬದಲಾದವು. ಅದಕ್ಕೂ ಮೊದಲು 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ ಎಂದು ಲೆಕ್ಕ ಹಾಕಿ ಕೊಟ್ಟಿತ್ತು. ರಸ್ತೆ, ನೀರು, ಆಸ್ಪತ್ರೆ, ಸಾಕ್ಷರತೆ ಎಲ್ಲ ಅಳೆದರು. ಮಕ್ಕಳ ಪುಸ್ತಕದಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಸಾಲು ಸಿಕ್ಕಿದೆ ಎಂದು ಅಳೆಯುವ ಸಮಿತಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಉತ್ತರ ಕರ್ನಾಟಕದ ಹಿಂದುಳಿಯುವಿಕೆಗೆ ಇನ್ನೊಂದು ಕೋಷ್ಟಕ ಸೇರುತ್ತದೆ.

2023ರ ನವೆಂಬರ್ 3ರಂದು ಗದಗದಲ್ಲಿ ಸಂಭ್ರಮವೋ ಸಂಭ್ರಮ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ 50 ವರ್ಷ. ಹಂಪಿಯ ಮರುದಿನ ಗದಗದಲ್ಲೂ ಸರ್ಕಾರ ಹಬ್ಬ ಮಾಡಿತು. ಘೋಷವಾಕ್ಯ ಇದೇ ತಾಲ್ಲೂಕಿನ ಹೊಂಬಳದ ಚೆನ್ನವೀರ ಕಣವಿಯವರ ಕವಿತೆಯದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಏಕೀಕರಣದ ಗೀತೆ ಬರೆದ ಹುಯಿಲಗೋಳ ನಾರಾಯಣರಾಯರೂ ಗದಗದವರೇ. ವೇದಿಕೆಯಿಂದ ಈ ಹೆಸರುಗಳೆಲ್ಲ ಮೊಳಗಿದವು, ದೀಪ ಬೆಳಗಿತು, ಪೆಂಡಾಲು ಬಿಚ್ಚಿದರು. ಅದೇ ವರ್ಷದ ಜೂನ್‌ನಲ್ಲಿ ರಾಜಕೀಯದ ಮಾನ ಉಳಿಸಿಕೊಳ್ಳಲು ಬೇಕೆನಿಸಿದಾಗ ಪೂರಕ ಪುಸ್ತಿಕೆ ವಾರಗಳಲ್ಲಿ ತಯಾರಾಗಿ ಶಾಲೆ ಸೇರಿತ್ತು. ಜಿಲ್ಲೆಗೊಂದು 40 ಪುಟದ ಪುಸ್ತಿಕೆಗೆ ಮಾತ್ರ ಹಣವಿಲ್ಲ, ಸಮಯವಿಲ್ಲ, ತಜ್ಞರಿಲ್ಲ. ಶಿಕ್ಷಕರ ತರಬೇತಿಗೆ ಜಿಲ್ಲೆಗೊಂದು ಡಯಟ್ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ, ಶಾಸನ ಓದಬಲ್ಲ ನಿವೃತ್ತ ಮಾಸ್ತರರು ಧಾರವಾಡ ಗದಗಗಳ ಓಣಿಗಳಲ್ಲಿ ಇದ್ದಾರೆ. ಕರೆಯುವವರು ಬೇಕು.

ಆಲೂರು ವೆಂಕಟರಾಯರ ಮನೆತನದ ಊರು ಇದೇ ಜಿಲ್ಲೆಯ ಹೊಳೆಆಲೂರು. ಇಲ್ಲಿಯವರಿಗೆ ಶಿವಾಜಿ ಗೊತ್ತು, ಪುಲಿಕೇಶಿ ಗೊತ್ತಿಲ್ಲ ಎಂಬ ಸಂಕಟದಲ್ಲಿ ಅವರು ‘ಕರ್ನಾಟಕ ಗತವೈಭವ’ ಬರೆದು ಪ್ರಕಟಿಸಿದ್ದು 1917ರಲ್ಲಿ. ಆಗ ಆಳುತ್ತಿದ್ದವರು ಪರಕೀಯರು, ರಾಜಧಾನಿ ಮುಂಬಯಿ. ಬೈಯಲು ಅವರಾದರೂ ಇದ್ದರು.

ವರ್ಷಕ್ಕೊಮ್ಮೆ ಈ ಸೀಮೆಯ ಶಾಲೆಗಳಿಂದ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಹೊರಡುತ್ತವೆ. ರಾತ್ರಿಯಿಡೀ ಓಡಿ ಬೆಳಗಾಗುವಾಗ ಮೈಸೂರು ಮುಟ್ಟುತ್ತವೆ. ಅರಮನೆ, ಮೃಗಾಲಯ, ಬೃಂದಾವನದ ಬಣ್ಣದ ಕಾರಂಜಿ. ನೋಡಲಿ, ಬೇಡವೆನ್ನುವವರಿಲ್ಲ. ಗದಗದಿಂದ ಲಕ್ಕುಂಡಿ ಹತ್ತಿಪ್ಪತ್ತು ನಿಮಿಷದ ಹಾದಿ, ಪ್ರವಾಸದ ಪಟ್ಟಿಯಲ್ಲಿ ಅದಕ್ಕೂ ಒಂದು ದಿನ ಬರೆಯಿರಿ ಎನ್ನಲು ಯಾವ ಪರಿಷ್ಕರಣ ಸಮಿತಿಯ ಅಪ್ಪಣೆಯೂ ಬೇಕಿಲ್ಲ.

ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ತಂದೆ ತಾಯಿಗಳಿಗೆ ಇಷ್ಟೇ ವಿನಂತಿ. ಈ ಸಲದ ಎಸ್‌ಡಿಎಂಸಿ ಸಭೆಯಲ್ಲಿ ಕಂಪೌಂಡು, ಸುಣ್ಣಬಣ್ಣ, ನೀರಿನ ಟಾಕಿಯ ಮಾತು ಮುಗಿದ ಮೇಲೆ ಎದ್ದು ನಿಂತು ಕೇಳಿ: ‘ನಮ್ಮೂರ ಕಲ್ಲಿನ್ಯಾಗ ಏನ ಬರದೈತ್ರಿ, ನಮ್ಮ ಹುಡುಗರಿಗೆ ಯಾವಾಗ ಹೇಳ್ತೀರಿ?’ ಉತ್ತರ ಸಿಗದಿದ್ದರೆ ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲೂ ಕೇಳಿ.